ವಾರಕ್ಕೊಂದು ಕಾಯಿಲೆ

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ನನ್ನವರಿಗೆ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಬೆರಳು ಮಾಯಿತೇ? ಎಲ್ಲರಿಗೂ ಬಿಸಿಬಿಸಿ ಬಡಿಸಿ ನೀವು ಆರಿದ್ದನ್ನು ತಿನ್ನಬೇಡಿ. ನಾನು ಈಗ ಚೆನ್ನಾಗಿದ್ದೇನೆ. ‘ಈಗ’ ಎಂದದ್ದಕ್ಕೆ ಗಾಬರಿಯಾಗದೆ ಪೂರ್ತಿ ಓದಿ.

ನಿಮ್ಮ ಅಮ್ಮ ಆ ಆಸ್ಪತ್ರೆ ಧಾರಾವಾಹಿಗೆ ಅಂಟಿಕೊಂಡಿದ್ದಾರೆಂದು ಬರೆದಿದ್ದೆನಲ್ಲ. ಅದರಲ್ಲಿ ವಾರಕ್ಕೊಂದು ಕಾಯಿಲೆ. ಅಲ್ಲಿ ರೋಗಿ ಗುಣವಾದ ಮರುದಿನ ಅದು ನಮ್ಮ ಮನೆಗೆ ಬರುತ್ತದೆ. ಮರೆವಿನ ಕಾಯಿಲೆ ಬಂದಾಗ ಪಕ್ಕದ ಮನೆ ದರ್ಜಿಯಮ್ಮನಿಂದ ತಂದ ಇಸ್ತ್ರಿಪೆಟ್ಟಿಗೆ ವಾಪಸ್ ಕೊಡುವುದೊಂದನ್ನು ಬಿಟ್ಟು ಬೇರೇನನ್ನೂ ಮರೆಯಲಿಲ್ಲ; ನಮ್ಮ ಮದುವೆಯಲ್ಲಿ ನನ್ನ ಚಿಕ್ಕಮ್ಮ ಮುಖ ತಿರುಗಿಸಿದ್ದು ಸಹ ನೆನಪಿತ್ತು. ಬೆನ್ನುಹುರಿಯ ವಾರ ಕಸ ಗುಡಿಸಲು ಬಗ್ಗಲಾಗಲಿಲ್ಲ, ಮಂಚದಡಿ ಬಿದ್ದ ರಿಮೋಟಿಗೆ ಮಾತ್ರ ಸಲೀಸಾಗಿ ಬಗ್ಗಿದರು. ಮಾತೇ ನಿಂತುಹೋದ ವಾರ ನಾನೂ ಸ್ವಲ್ಪ ಆಸೆಪಟ್ಟೆ. ಅದು ಅರ್ಧ ದಿನಕ್ಕೇ ವಾಸಿಯಾಯಿತು.

ಹೋದ ವಾರ ಒಂದು ಸಂಜೆ ಬಟ್ಟೆ ಮಡಚುತ್ತಿದ್ದೆ. ಎಡಗೈ ಜೋಮು ಹಿಡಿದಂತಾಗಿ ಹಿಡಿದ ದಿಂಬು ಜಾರಿತು. ಅತ್ತೆ ಧಾರಾವಾಹಿಯನ್ನು ಅರ್ಧಕ್ಕೇ ಬಿಟ್ಟು ಬಂದು, ನನ್ನ ಗಲ್ಲ ಎತ್ತಿ, “ಎಲ್ಲಿ, ನಗು ನೋಡೋಣ” ಎಂದರು. “ಈ ಮನೇಲಿ ನಗೋಕೇನಿದೆ ಅತ್ತೆ?” ಎಂದೆ. ನಾಲಿಗೆ ತೊದಲಿತು. ನಗಲು ಹೋದರೆ ಬಾಯಿಯ ಒಂದು ಬದಿ ಏಳಲೇ ಇಲ್ಲ. ಆಗ ನೋಡಬೇಕಿತ್ತು ಅವರನ್ನು! ಬರಿಗಾಲಲ್ಲಿ ಬೀದಿಗೆ ಓಡಿ ಬ್ರೆಡ್ ವ್ಯಾನಿಗೆ ಅಡ್ಡ ನಿಂತರು. ಟ್ರೇಗಳ ನಡುವೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಕಣ್ಣು ಮುಚ್ಚಬೇಡ ಕಣೇ, ನಂಗೆ ನೀನು ಬೇಕು” ಎಂದು ದಾರಿಯುದ್ದಕ್ಕೂ ಗದರಿದರು. ಆಸ್ಪತ್ರೆಯಲ್ಲಿ ಕಾಯಿರಿ ಎಂದವರಿಗೆ, “ಇದು ಮಿದುಳಿನ ರಕ್ತನಾಳ, ಕಾಯೋ ಕಾಯಿಲೆ ಅಲ್ಲ!” ಎಂದು ಕೂಗಿದ್ದಕ್ಕೆ ಇಡೀ ಸಾಲೇ ದಾರಿ ಬಿಟ್ಟಿತು. ಪಾರ್ಶ್ವವಾಯು, ಬೇಗ ಕರೆತಂದಿರಿ, ಬಚಾವಾದರು ಎಂದ ಡಾಕ್ಟರು, ಇದನ್ನೆಲ್ಲ ಯಾರು ಹೇಳಿಕೊಟ್ಟರೆಂದು ಕೇಳಿದರು. “ನಮ್ಮ ಡಾಕ್ಟರು. ಸಂಜೆ ಏಳಕ್ಕೆ ಬರ್ತಾರೆ, ಭಾನುವಾರ ಇರೋದಿಲ್ಲ” ಎಂದರು ಅತ್ತೆ.

ನಿನ್ನೆ ಮನೆಗೆ ಬಂದೆ. ಕೈಗೆ ಶಕ್ತಿ ಬಂದಿದೆ, ಚಿಂತೆ ಬೇಡ. ಅತ್ತೆಯ ಆಶೀರ್ವಾದವನ್ನೂ ಇದರಲ್ಲೇ ಕಳಿಸಿದ್ದೇನೆ. ಸೋಫಾದಿಂದಲೇ ಕೈ ಎತ್ತಿದರು.

ನಿಮ್ಮವಳು

ತಾ.ಕ.: ಅತ್ತೆ ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಆಸ್ಪತ್ರೆಯಲ್ಲಿ ನರ್ಸಮ್ಮ ಅವರನ್ನೂ ಕೂರಿಸಿ ನೋಡಿದರು. ಬಿ.ಪಿ. ನಿಜವಾಗಿಯೂ ವಿಪರೀತ ಇದೆ, ದಿನಾ ಮಾತ್ರೆ ನುಂಗಲೇಬೇಕಂತೆ. “ಬೀದಿಗೆಲ್ಲ ಇರೋ ಕಾಯಿಲೆ ನಂಗ್ಯಾಕೆ?” ಎಂದು ಮಾತ್ರೆ ಮುಟ್ಟುತ್ತಲೇ ಇಲ್ಲ. ಕಾಗದ ಸಿಕ್ಕ ಕೂಡಲೇ ಫೋನ್ ಮಾಡಿ, ಮಗನ ಮಾತಾದರೆ ಕೇಳುತ್ತಾರೆ. ಬಿ.ಪಿ. ಅನ್ನಬೇಡಿ, ನಾಲಿಗೆ ಹೊರಳದಂಥ ಉದ್ದನೆಯ ಹೆಸರು ಯಾವುದಾದರೂ ಹೇಳಿ. ತಮಾಷೆಯಲ್ಲ, ನನಗೆ ಭಯವಾಗಿದೆ. ನೀರಿನ ಸದ್ದು ನಿಂತಿತು, ಬಂದರು.