ಕರೆ ಬೇಡವೆಂದವರ ಪಟ್ಟಿ

ಜಮಖಂಡಿ,
9 ಜುಲೈ 2013

ಬಾಡಗಂಡಿಯಲ್ಲಿ ತನ್ನ ತಮ್ಮನ ಮನೆಯಲ್ಲಿ ಮಂಚವನ್ನೇ ಸಿಂಹಾಸನ ಮಾಡಿಕೊಂಡು, ಉಳುಕಿದ ಕಾಲು ಚಾಚಿ ರಾಜ್ಯವಾಳುತ್ತಿರುವ ನನ್ನ ಚಿಗವ್ವ ಸತ್ಯವ್ವನ ಉಳುಕದ ಪಾದಕ್ಕೆ ಹಾಲೇಶನ ಸಾಷ್ಟಾಂಗ.

ಫೋನೆಂಬ ಯಂತ್ರವನ್ನು ಇನ್ನು ಮುಟ್ಟಕೂಡದೆಂದು ನೀನೇ ಆಜ್ಞೆ ಮಾಡಿದ್ದರಿಂದ ಈ ಕಾಗದ. ಅಂಗಡಿ ಕ್ಷೇಮ. ಕಂಬಳಿಗಳಿಗೆ ನುಸಿ ಹತ್ತಿಲ್ಲ.

ನಡೆದದ್ದರಲ್ಲಿ ಅರ್ಧ ನಿನಗೆ ಗೊತ್ತು. ಅಂಗಡಿಯ ಜಾಹೀರಾತನ್ನು ನನ್ನ ದನಿಯಲ್ಲೇ ಮುದ್ರಿಸಿ, ಒಮ್ಮೆಗೇ ಸಾವಿರಾರು ಫೋನುಗಳಿಗೆ ಕಳಿಸಿದವನು ನಾನು. "ನಿಮ್ಮ ಅಣ್ಣಾರು ಹೋದ್ರು..." ಎಂದು ಗಂಭೀರವಾಗಿ ಹೇಳಿ, ಮೂರೆಣಿಸುವಷ್ಟು ಹೊತ್ತು ಬಿಟ್ಟು, "...ಜಮಖಂಡಿಗೆ, ಸತ್ಯವ್ವನ ಅಂಗಡ್ಯಾಗ ಕಂಬಳಿ ತರಾಕ!" ಎಂದಿದ್ದೆ. ಹೋದರು ಎಂಬ ಮಾತಿಗೆ ನಮ್ಮಲ್ಲಿ ಎರಡು ದಾರಿ. ಬೀಳಗಿಯ ಮರೆವ್ವ ಸ್ಮಶಾನದ ದಾರಿ ಹಿಡಿದರು. ಉಳಿದರ್ಧ ಕೇಳುವ ಮೊದಲೇ ಫೋನು ಒಗೆದು, ಮುಧೋಳದ ಬಸ್ಸು ಹತ್ತಿ, ಅಳುತ್ತ ಓಡಿ ಅಣ್ಣನ ಹೊಸ್ತಿಲಲ್ಲೇ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅಣ್ಣ ಹೊಳಬಸಪ್ಪ ಚಹಾದ ಬಸಿ ಹಿಡಿದೇ ಹೊರಬಂದು, "ಯಾರ ಹೋದ್ರವಾ ತಂಗಿ?" ಎಂದರಂತೆ. "ನೀನ ಹೋಗಿಯಲ್ಲೋ ಯಣ್ಣಾ!" ಎಂದರಂತೆ ಇವರು.

ಜಾಹೀರಾತಿನ ಕರೆ ಬೇಡವೆಂದು ನೋಂದಾಯಿಸಿದ ನಂಬರಿಗೆ ಕರೆ ಮಾಡಿದ್ದು ಕಾನೂನುಬಾಹಿರ, ದವಾಖಾನೆಯ ಖರ್ಚು ಕೊಡಿ ಎಂದು ಮರೆವ್ವನ ವಕೀಲರ ನೋಟಿಸು ಬಂತು. ಅಂಗಡಿಗೆ ವಿಮೆ ಇದೆಯಲ್ಲ ಎಂದು ಏಜೆಂಟ್ ಬಾಳಾಸಾಹೇಬರನ್ನು ನಿನ್ನ ಮಂಚದ ಬಳಿಗೇ ಕರೆತಂದೆ. "ಬೆಂಕಿ, ಕಳವು ಅಷ್ಟ ಅಲ್ರಿ, ಅಂಗಡಿ ತಪ್ಪಿನಿಂದ ಮಂದಿಗೆ ಪೆಟ್ಟಾದ್ರೂ ರೊಕ್ಕ ಕೇಳಬಹುದು. ಆದ್ರ ಗೊತ್ತಿದ್ದೂ ಕಾನೂನು ಮುರದಿದ್ರ ಏನೂ ಬರೂದಿಲ್ಲ" ಎಂದರು. ಬೇಡವೆಂದವರ ಪಟ್ಟಿ ನಮಗೆ ಬಂದೇ ಇರಲಿಲ್ಲ ಎಂದೆ ನಾನು. ನೀನು ನಂಬಿದೆ. "ನಮ್ಮ ಹುಡುಗ ಕಿಡಿಗೇಡಿ ಖರೆ, ಸುಳ್ಳ ಹೇಳಾಂವ ಅಲ್ರಿ. ಬರೂ ಸೋಮವಾರ ಬರ್ರಿ, ಪಟ್ಟಿ ಬಂದಿಲ್ಲಂತ ಬೀರೇಶ್ವರನ ಭಂಡಾರದ ಅರಿಷಿಣ ಮುಟ್ಟಿ ಆಣಿ ಮಾಡಿ ಸಹಿ ಹಾಕತೇನಿ" ಎಂದು ಅವರಿಗೆ ಮಾತು ಕೊಟ್ಟೆ.

ಚಿಗವ್ವ, ಭಂಡಾರ ಮುಟ್ಟಬೇಡ. ಪಟ್ಟಿ ಬಂದಿತ್ತು. ಕರೆ ಕಳಿಸುವ ಕಂಪನಿಯವನು ನಮ್ಮ ಗಿರಾಕಿಗಳ ನಂಬರುಗಳಲ್ಲಿ ಕೆಲವಕ್ಕೆ ಕೆಂಪು ಗೀಟು ಎಳೆದು, "ಇವ್ರಿಗೆ ಬ್ಯಾಡ್ರಿ, ಕಾನೂನ ಐತಿ" ಎಂದಿದ್ದ. ನಾನು ತಲೆಯಾಡಿಸಿ, ಅವನ್ನೇ ಮತ್ತೆ ಸೇರಿಸಿ ಕಳಿಸಿದೆ. ಕರೆಯೇ ಬೇಡ ಎಂದವರು ಬೆಚ್ಚಿಬಿದ್ದರೆ ಇನ್ನೂ ಮಜಾ ಅಂತ. ಇದಕ್ಕೊಂದು ಘನವಾದ ಕಾರಣ ಹುಡುಕಿದೆ, ಸಿಗಲಿಲ್ಲ.

ಬನಹಟ್ಟಿಯ ಲಗಮಣ್ಣ ನನ್ನ ಬೈಕು ಕೊಳ್ಳಲು ಒಪ್ಪಿದ್ದಾನೆ. ನಾಳೆ ಆ ದುಡ್ಡು ಹಿಡಿದು ಬೀಳಗಿಗೆ ಹೋಗಿ ಮರೆವ್ವನ ಎದುರು ನಿಲ್ಲುತ್ತೇನೆ. ನನಗಿರುವ ಭಯ ಒಂದೇ: ಇದನ್ನು ಓದಿಯೂ, ನನ್ನನ್ನು ಉಳಿಸಲು ನೀನು ಭಂಡಾರಕ್ಕೆ ಕೈ ಚಾಚೀಯೆಂದು.

ನಿನ್ನ ಸುಳ್ಳ,
ಹಾಲೇಶ

ತಾ.ಕ.: ಅದಕ್ಕೇ, ಅಂಚೆಗೆ ಹಾಕುವ ಮೊದಲು ಈ ಪತ್ರದ ನಕಲೊಂದನ್ನು ಬಾಳಾಸಾಹೇಬರ ಕೈಗೆ ಕೊಟ್ಟುಬಂದೆ. ಓದಿ ಮುಗಿಸಿ, ಕನ್ನಡಕ ತೆಗೆದು, "ಹುಡುಗ ಸುಳ್ಳ ಹೇಳಾಂವ ಅಲ್ಲ ಅಂದಿದ್ದ ನಿಮ್ಮ ಚಿಗವ್ವನ ಮಾತ ಉಳೀತು ಬಿಡಪಾ, ವಿಮಾ ಹೋತು" ಎಂದರು.