ಗೋಗ್ರಾಸ

ಶಿಬ್‌ಪುರ, ಹೌರಾ
೯ ಫೆಬ್ರವರಿ ೨೦೨೬

ಪ್ರೀತಿಯ ರವಿರಾಜನಿಗೆ,

ಅತ್ತಿಗೆಯ ಆಶೀರ್ವಾದಗಳು. ನಿನ್ನ ಆರೋಗ್ಯ ಹೇಗಿದೆ? ಪತ್ರದ ಮೊದಲಿಗೆ ಎಲ್ಲರೂ ಕೇಳುವ ಹಾಗೆ ಕೇಳುತ್ತಿಲ್ಲ, ಉತ್ತರ ಬೇಕಾಗಿಯೇ ಕೇಳುತ್ತಿದ್ದೇನೆ. ಬಲಗೈ ಹೆಬ್ಬೆರಳು ಜುಮುಗುಡುತ್ತಿದೆಯೇ? ತರಚಿದ್ದ ಜಾಗದಲ್ಲಿ ತುರಿಕೆ, ಉರಿ ಏನಾದರೂ? ಇರಲಿ, ಇಲ್ಲದಿರಲಿ, ಈ ಪತ್ರವನ್ನು ಇಲ್ಲಿಗೇ ಮಡಚಿ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗು. ಜೊತೆಗಿಟ್ಟಿರುವ ಡಾಕ್ಟರ ಚೀಟಿ ತೋರಿಸು. ಹುಚ್ಚುನಾಯಿ ಕಚ್ಚಿದವರಿಗೆ ಹಾಕುವ ಸೂಜಿಗಳನ್ನೇ ನಿನಗೂ ಹಾಕಬೇಕು, ಒಂದನ್ನೂ ತಪ್ಪಿಸಬಾರದು. ‘ಇಷ್ಟು ದಿನ ಕಳೆದಿದೆ, ಇನ್ನೇಕೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡ. ಕಾಯಿಲೆ ಶುರುವಾಗುವ ತನಕ ಕಾಲ ಮಿಂಚಿಲ್ಲ. ಶುರುವಾದರೆ ಮಾತ್ರ ಮಿಂಚಿದ ಹಾಗೆ. ಉಳಿದದ್ದನ್ನು ಆಮೇಲೆ ಓದು.

ಆ ದಿನ ಫೋನಿನಲ್ಲಿ ‘ನಿನ್ನ ಅಣ್ಣ ಹೋದರು’ ಎಂದಷ್ಟೇ ಹೇಳಲಾಯಿತು. ನೀನು ಕೂಗಿದ್ದು ಕೇಳಿಸಿತು, ಲೈನು ಕಡಿಯಿತು. ಆಮೇಲೆ ನಿನ್ನ ದ್ವೀಪಕ್ಕೆ ಫೋನು ಹತ್ತಲೇ ಇಲ್ಲ. ಪೋರ್ಟ್ ಬ್ಲೇರಿನಲ್ಲಿರುವ ನಿನ್ನ ಕಂಟ್ರಾಕ್ಟರರ ಆಫೀಸಿಗೂ ಹೇಳಿದ್ದೇನೆ. ತಿಳಿಸುತ್ತೇವೆ ಅಂದರು, ತಿಳಿಸಿದರೋ ಇಲ್ಲವೋ ದೇವರೇ ಬಲ್ಲ. ನಮ್ಮ ಹೋಟೆಲಿನ ಅಡುಗೆಯ ಪವನ ನಾಳೆ ಖಿದಿರ್‌ಪುರದಲ್ಲಿ ಹಡಗು ಹತ್ತುತ್ತಾನೆ. ಎಷ್ಟು ದೋಣಿ ಬದಲಿಸಬೇಕಾದರೂ ಸರಿ, ನಿನ್ನ ಕೈಗೇ ಕೊಟ್ಟು ಬಾ ಎಂದಿದ್ದೇನೆ. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಬರೆದದ್ದನ್ನೆಲ್ಲ ಓದಿಸಿ ಕೇಳುತ್ತಿದ್ದಾರೆ.

ತುಳಸಿ ಪೂಜೆಯ ಮರುದಿನ ನೀನು ಇಲ್ಲೇ ಇದ್ದೆ. ಓಣಿಯ ಕೊನೆಯ ಹಟ್ಟಿಯ ಆ ಕಂದು ಹಸುವಿಗೆ ಮೊದಲ ದೋಸೆ ಕೊಡದೆ ನಿನ್ನ ಅಣ್ಣ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರಲ್ಲ. ‘ದಾದಾ, ಆಗೆ ಗೋರು, ತಾರ್‌ಪರ್ ಆಮ್ರಾ?’ ಮೊದಲು ಹಸು, ಆಮೇಲೆ ನಾವಾ, ಎಂದು ಗಿರಾಕಿಗಳು ಕಿಚಾಯಿಸಿದರೆ, ಸಾಂಬಾರಿಗೆ ಹುಳಿ ಹೆಚ್ಚಾಯಿತು ಅನ್ನದ ಗಿರಾಕಿ ಇವಳೊಬ್ಬಳೇ ಎಂದು ನಗುತ್ತಿದ್ದರು. ‘ಅಣ್ಣಾ, ಚಟ್ನಿ ಇಲ್ದೆ ಕೊಟ್ರೆ ಶಾಪ ಹಾಕ್ತಾಳೆ’ ಎಂದು ನೀನೂ ಸೇರಿಸುತ್ತಿದ್ದೆ. ಆ ಬೆಳಿಗ್ಗೆ ಅವಳು ದೋಸೆ ಮೂಸಿಯೂ ನೋಡಲಿಲ್ಲ. ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳಿಯುತ್ತಿತ್ತು, ಕೂಗು ಒಡೆದ ಕೊಳಲಿನ ಹಾಗಿತ್ತು. ಹಿಂದಿನ ದಿನ ಪೂಜೆಯ ಕಬ್ಬಿನ ತುಂಡುಗಳನ್ನು ನಿನ್ನ ಅಣ್ಣನೇ ತಿನ್ನಿಸಿದ್ದರಲ್ಲ, ಅದೇ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದುಕೊಂಡರು. ಹಟ್ಟಿಯ ಉಮಾಪತಿಯೂ ‘ಗಲೇ ಮೇ ಕುಛ್ ಅಟಕ್ ಗಯಾ, ಬಾಬು’ ಎಂದ. ನೀನು ದವಡೆ ಹಿಡಿದು ಬಿಡಿಸಿದೆ, ಅವರು ಮೊಣಕೈವರೆಗೆ ಕೈ ಹಾಕಿದರು. ಹಿಂದಿನ ದಿನ ಅವರು ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಿದ್ದು ಆಗ ಯಾರಿಗೆ ನೆನಪು? ಗಂಟಲಲ್ಲಿ ಏನೂ ಸಿಗಲಿಲ್ಲ. ನಿನ್ನ ಹೆಬ್ಬೆರಳು ಹಲ್ಲಿಗೆ ತರಚಿತು. ‘ಗೋಮಾತೆಯ ಆಶೀರ್ವಾದ ಮಾರಾಯ್ರೆ’ ಎಂದು ನೀನು ನಲ್ಲಿಯ ಕೆಳಗೆ ಕೈ ಹಿಡಿದೆ. ನೀನು ಹಡಗು ಹತ್ತಿದ ಮೇಲೆ ಹಸು ಸತ್ತಿತು. ನಿನ್ನ ಅಣ್ಣ ಆ ದಿನ ಊಟ ಮಾಡಲಿಲ್ಲ, ತನ್ನ ಕಬ್ಬೇ ಅವಳನ್ನು ಕೊಂದಿತು ಎಂದು.

ಮಕರ ಸಂಕ್ರಾಂತಿ ಕಳೆದ ಮೇಲೆ ಅವರ ಬಲಗೈ ಜುಮುಗುಡಲು ಶುರುವಾಯಿತು. ಹಿಟ್ಟಿನ ಪಾತ್ರೆ ಎತ್ತಿ ಉಳುಕಿರಬೇಕೆಂದು ಎಣ್ಣೆ ಹಚ್ಚಿದೆವು. ಆಮೇಲೆ ಜ್ವರ. ಒಂದು ಬೆಳಿಗ್ಗೆ ಕಾಫಿ ಲೋಟವನ್ನು ತುಟಿಯ ತನಕ ತಂದವರು ಗಂಟಲು ಹಿಡಿದುಕೊಂಡು ಎಸೆದುಬಿಟ್ಟರು. ಬಾಯಾರಿಕೆಯಿಂದ ಒದ್ದಾಡುತ್ತಿದ್ದರು, ನೀರು ಕಂಡರೆ ಮೈ ಸೆಟೆಯುತ್ತಿತ್ತು. ಮೊದಲ ಆಸ್ಪತ್ರೆಯಲ್ಲಿ ನಾಯಿ ಕಚ್ಚಿದೆಯಾ ಎಂದು ಕೇಳಿದರು. ಇಲ್ಲ ಎಂದೆವು. ಬೆಕ್ಕು? ಮಂಗ? ಇಲ್ಲ, ಇಲ್ಲ. ಹಸು ಎಂದು ಅವರು ಕೇಳಲಿಲ್ಲ, ಹೇಳಲು ನಮಗೂ ತೋಚಲಿಲ್ಲ. ನಮ್ಮ ಪಾಲಿಗೆ ಅವಳು ಪ್ರಾಣಿಗಳ ಲೆಕ್ಕದಲ್ಲೇ ಇರಲಿಲ್ಲ. ಸೋಂಕುರೋಗದ ಆಸ್ಪತ್ರೆಗೆ ಕಳಿಸಿದ ಮೇಲೆ ಅಲ್ಲಿನ ಡಾಕ್ಟರು ಅಪರ್ಣಾ ನನ್ನನ್ನು ಹೊರಗೆ ಕೂರಿಸಿ, ಅವಸರವಿಲ್ಲದೆ, ಮನೆಯ ಸುತ್ತ ಯಾವ ಯಾವ ಜೀವಗಳಿವೆ ಎಂದು ವಿಚಾರಿಸಿದಾಗ ಈ ಕಥೆ ನನ್ನ ಬಾಯಿಂದ ಹೊರಗೆ ಬಂತು. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಗಲೇ ನನಗೆ ಗೊತ್ತಾಯಿತು.

ದುರ್ಗಾಪೂಜೆಯ ಗದ್ದಲದಲ್ಲಿ ಓಣಿಯ ನಾಯಿಯೊಂದು ಆ ಹಸುವಿನ ಮೂತಿಗೆ ಕಚ್ಚಿತ್ತಂತೆ. ಉಮಾಪತಿ ಮೆಣಸಿನಪುಡಿ ಹಚ್ಚಿ ಸುಮ್ಮನಾಗಿದ್ದ. ಈಗ ಅಳುತ್ತಾನೆ, ಅವನಿಗೂ ಸೂಜಿ ಹಾಕಿದ್ದಾರೆ. ನಾಯಿಯ ಜೊಲ್ಲಿನಿಂದ ಹಸುವಿಗೆ, ಹಸುವಿನ ಜೊಲ್ಲಿನಿಂದ ಗಾಯದೊಳಗೆ, ಅಲ್ಲಿಂದ ನರ ಹಿಡಿದು ನಿಧಾನವಾಗಿ ಮಿದುಳಿಗೆ. ನಾವು ಹಬ್ಬ, ಕ್ಯಾಟರಿಂಗ್, ಶರಣ್ಯಾಳ ಪರೀಕ್ಷೆ ಎಂದು ಓಡಾಡಿಕೊಂಡಿದ್ದಾಗ ಅದು ಅವರ ತೋಳಿನಲ್ಲಿ ಮೇಲೇರುತ್ತಿತ್ತು. ಕಾಸಿದ ಹಾಲಿನಿಂದ ಭಯವಿಲ್ಲವಂತೆ. ಆದರೆ ತುಳಸಿ ಪೂಜೆಯ ಪಂಚಾಮೃತಕ್ಕೆ ಅವಳ ಹಸಿ ಹಾಲನ್ನೇ ಹಾಕಿದ್ದೆವಲ್ಲ. ಅಪಾಯ ಕಡಿಮೆ, ಆದರೂ ಸೂಜಿ ಬಿಡಬಾರದು ಎಂದರು ಡಾಕ್ಟರು. ತೀರ್ಥ ತೆಗೆದುಕೊಂಡವರ ಮನೆಮನೆಗೂ ಹೋಗಿ ಹೇಳಿ ಬಂದೆ. ಒಬ್ಬರು ಬಾಗಿಲನ್ನು ಪೂರ್ತಿ ತೆರೆಯಲೂ ಇಲ್ಲ. ಮನೆಯವರೆಲ್ಲ ಸೂಜಿ ಹಾಕಿಸಿಕೊಂಡಿದ್ದೇವೆ, ನಮ್ಮ ಚಿಂತೆ ಬೇಡ.

ಕೊನೆಯಲ್ಲಿ ನಿದ್ದೆಯ ಮದ್ದು ಕೊಟ್ಟರು. ಅದಕ್ಕೂ ಮೊದಲು, ಮನಸ್ಸು ತಿಳಿಯಾದಾಗ, ನಿನ್ನ ಹೆಸರು ಹೇಳಿದರು. ‘ರವಿ ಹಿಡಿದಿದ್ದ, ಅವನಿಗೆ ಹೇಳು’ ಎಂದರು. ಹಾಗಾಗಿ ಹೇಳುತ್ತಿದ್ದೇನೆ. ದವಡೆ ಬಿಡಿಸಿದವನು ನಾನು ಎಂದು ಅಲ್ಲಿ ಒಬ್ಬನೇ ಕೂತು ಕೊರಗಬೇಡ. ಬಾಯಿ ಬಿಡಲಾರದ ಜೀವಕ್ಕೆ ನೀವಿಬ್ಬರೂ ಸಹಾಯ ಮಾಡಹೋದಿರಿ, ಅಷ್ಟೇ. ‘ಜಾಸ್ತಿ ಬರೀಬೇಡ, ಮಾಣಿ ಹೆದ್ರತ್ತ್’ ಎನ್ನುತ್ತಿದ್ದಾರೆ ಅತ್ತೆ. ಹೆದರಲಿ ಎಂದೇ ಬರೆಯುತ್ತಿದ್ದೇನೆ.

ಹೋಟೆಲಿನ ಬಾಗಿಲು ಇನ್ನೂ ತೆಗೆದಿಲ್ಲ. ಶರಣ್ಯಾ ಶಾಲೆಗೆ ಹೋಗುತ್ತಿದ್ದಾಳೆ, ಚಿಕ್ಕಪ್ಪನಿಗೆ ನಮಸ್ಕಾರ ಬರೆಯಲು ಹೇಳಿದ್ದಾಳೆ. ಅತ್ತೆಯ ಆಶೀರ್ವಾದಗಳು. ನೀನು ಆಯುಸ್ಸು ಗಟ್ಟಿ ಮಾಡಿಕೊಂಡು ಈ ಮನೆಗೆ ಬರಬೇಕು, ಬೇರೇನೂ ಬೇಡ.

ನಿನ್ನ ಅತ್ತಿಗೆ,
ಅಂಬುಜಾ

ಮರೆತ ಮಾತಲ್ಲ, ಬರೆಯಲಾಗದೆ ಬಿಟ್ಟದ್ದು: ಅತ್ತೆ ಈಗ ಸ್ನಾನಕ್ಕೆ ಎದ್ದರು, ಬೇಗ ಬರೆಯುತ್ತೇನೆ. ಮನೆಯವರೆಲ್ಲ ಹಾಕಿಸಿಕೊಂಡಿದ್ದೇವೆ ಎಂದದ್ದು ಸುಳ್ಳು. ಅತ್ತೆ ಹಾಕಿಸಿಕೊಂಡಿಲ್ಲ. ಕಾಯಿಲೆ ಏನೆಂದು ಗೊತ್ತಾಗುವ ಮೊದಲು, ಉಗುಳು ನುಂಗಲಾರದ ಮಗನ ಬಾಯನ್ನು ಬರಿಗೈಯಲ್ಲಿ ಒರೆಸಿದವರು ಅವರು. ಚಳಿಗೆ ಅವರ ಬೆರಳ ತುದಿಗಳೆಲ್ಲ ಒಡೆದು ರಕ್ತ ಜಿನುಗುತ್ತಿತ್ತು. ಡಾಕ್ಟರು ಹಾಲಿಗಿಂತ ಇದಕ್ಕೇ ಹೆದರಿದ್ದಾರೆ. ಆಸ್ಪತ್ರೆಗೆ ಬಂದರು, ಬೆಂಚಿನಿಂದ ಏಳಲಿಲ್ಲ. ನರ್ಸು ‘ಮಾಶಿಮಾ, ಆಶುನ್’ ಎಂದು ಕರೆದು ಸೋತಳು. ‘ಅಜ್ಜಿ, ಶೊತ್ತಿ, ನಿಜ ಹೇಳ್ತೇನೆ, ನೋವೇ ಇಲ್ಲ’ ಎಂದು ಶರಣ್ಯಾ ತೋಳು ತೋರಿಸಿದಳು. ಮನೆಗೆ ಬಂದ ಮೇಲೆ ನನ್ನೊಬ್ಬಳ ಹತ್ತಿರ ಅಂದರು: ‘ಕೈ ಹಾಕಿ ತೆಗಿ ಮಗಾ, ಉಸ್ರು ಕಟ್ಟಿ ಸತ್ತ್ ಹೋತ್ತ್ ಕಾಣ್ ಅಂದವ್ಳು ನಾನಲ್ದಾ? ಅವ್ನಿಗೆ ಬಂದದ್ದ್ ನಂಗೂ ಬರ್ಲಿ.’ ನೀನೂ ಅಲ್ಲೇ ಇದ್ದೆ, ಕೇಳಿದ್ದೀಯ. ನನ್ನ ಸಮಾಧಾನದ ಮಾತು ಅವರಿಗೆ ತಾಗುವುದಿಲ್ಲ. ನೀನು ಸಮಾಧಾನ ಬರೆಯಬೇಡ. ‘ನೀನು ಹಾಕಿಸಿಕೊಳ್ಳುವ ತನಕ ನಾನೂ ಹಾಕಿಸಿಕೊಳ್ಳುವುದಿಲ್ಲ’ ಎಂದು ಬರೆ. ಫೋನು ಹತ್ತಿದರೆ ಅದನ್ನೇ ಹೇಳು, ಹತ್ತದಿದ್ದರೆ ಪವನನ ಕೈಯಲ್ಲಿ ಕಳಿಸು. ಆದರೆ ಆ ಸುಳ್ಳನ್ನು ಬರೆಯುವ ಮೊದಲು ನಿನ್ನ ತೋಳಿಗೆ ಸೂಜಿ ಬಿದ್ದಿರಬೇಕು. ಅಕ್ಷರ ದೊಡ್ಡದಾಗಿರಲಿ. ನಾನು ಓದಿ ಹೇಳಿದರೆ ನಂಬುವುದಿಲ್ಲ, ಅವರೇ ಓದಬೇಕು.