ಪೂಜೆಯಾಗದ ವ್ಯಾನ್

ಅಮ್ಮ,

ದೇವಸ್ಥಾನದಲ್ಲಿ ಯಾರಾದರೂ ಕೇಳಿದರೆ ನಾನು ಎಂಬಿಎ ಓದ್ತಿದೀನಿ ಅಂತ ಇನ್ನು ಹೇಳಬೇಡ. ಕಾರು ತೊಳೆದು ಪಾಲಿಶ್ ಮಾಡ್ತಾಳೆ, ಈಗ ಗೀರು ಮುಚ್ಚೋ ಪೇಂಟ್ ಟಚ್‌ಅಪ್ಪೂ ಶುರು ಮಾಡಿದಾಳೆ ಅನ್ನು. ಹೊಸ ಕಾರಿನ ಪೂಜೆಯಲ್ಲಿ ನಿನ್ನ ಫ್ರೆಂಡ್ಸೇ ಉಂಗುರ ಹಾಕಿದ ಬೆರಳಲ್ಲಿ ಕುಂಕುಮದ ಸ್ವಸ್ತಿಕ ಬರೆದು ಬಾನೆಟ್ ಗೀಚಿಬಿಡ್ತಾರೆ. ಮಾರನೇ ವಾರ ಅದನ್ನು ಸರಿಮಾಡು ಅಂತ ಪಕ್ಕದೂರು ಲಿವೋನಿಯಾದಿಂದಲೂ ನನಗೇ ಫೋನ್ ಬರುತ್ತೆ.

ನನ್ನ ವ್ಯಾನ್ ಬಂದಾಗ ನೀನು ಪೂಜೆ ಮಾಡಲಿಲ್ಲ. ಅಕ್ಕಪಕ್ಕದವರು ನೋಡ್ತಾರೆ, ಗರಾಜಿನೊಳಗೆ ನಿಲ್ಲಿಸು ಅಂದೆ. ನಾನು ಹೊರಗೇ ನಿಲ್ಲಿಸ್ತೀನಿ, ಅದರ ಮೇಲಿನ ನನ್ನ ಹೆಸರು ರೋಡಿಗೆ ಕಾಣೋ ಹಾಗೆ.

ಭಾನುವಾರ ನಿಂಬೆಹಣ್ಣು ತರ್ತೀನಿ. ಆರತಿ ತಟ್ಟೆ ಹಿಡಿದು ಹೊರಗೆ ಬಾ. ಬಳೆ ತೆಗೆದಿಡಬೇಡ. ವ್ಯಾನಿಗೆ ತಗುಲಿ ಗೀರಾದರೆ ಆಗಲಿ, ಅದೊಂದನ್ನು ಮಾತ್ರ ನಾನು ಮುಚ್ಚಲ್ಲ.

ನಿನ್ನ ಮಗಳು,
ಇಳಾ